ಸುಳಿ ನೋಡಿ ತಂದ ಕಾರ್ಡು

"ಈ ರುದ್ರಸ್ವಾಮಿ ಕೈಗೆ ಕೆಟ್ಟ ಮಾಲು ಬಂದದ್ದು ಇತಿಹಾಸದಲ್ಲೇ ಇಲ್ಲ, ತಿಳ್ಕೋ! ಕಾರ್ಡೂ ಅಷ್ಟೇ. ಇಡೀ ಹುಣಸೂರು ಮೂಗಿನ ಮೇಲೆ ಬೆರಳಿಡಬೇಕು, ಅಂಥಾ ಕಾರ್ಡು ಆರಿಸಿ ತರ್ತೀನಿ!"

ಜಗಲಿ ಮೇಲೆ ಕೂತು ರುದ್ರಸ್ವಾಮಿಯವರು ಹೀಗೆ ಗುಡುಗಿದಾಗ, ಒಳಗೆ ಒರಳುಕಲ್ಲಿನ ಮುಂದೆ ಚಟ್ನಿ ರುಬ್ಬುತ್ತಿದ್ದ ಅವರ ಹೆಂಡತಿ ಶಿವನಂಜಮ್ಮ "ಹೂಂ, ಹೂಂ" ಅಂದರು. ಆ ಹೂಂ ಒಳಗೆ ಏನೇನು ಅಡಗಿದೆ ಅಂತ ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ತಿಳೀಬೇಕಿತ್ತು. ತಿಳೀಲಿಲ್ಲ. ಗಂಡಸರಿಗೆ ತಿಳಿಯೋದೂ ಇಲ್ಲ ಬಿಡಿ.

ರುದ್ರಸ್ವಾಮಿ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು. ಸರಗೂರು, ಎನ್. ಬೇಗೂರು, ಕಡೆಗೆ ಬೆಟ್ಟದಪುರ ಅಂತ ತಿರುಗಿ, ಸುತ್ತಿನ ಹಳ್ಳಿಗಳ ದನಗಳಿಗೆಲ್ಲ ಸೂಜಿ ಚುಚ್ಚಿದವರು. ಯಾರೇ ಹಸು ಕೊಳ್ಳಬೇಕಾದರೂ ಮೊದಲು ಇವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳೋರು, ಕೆಚ್ಚಲು ಮುಟ್ಟಿ ಹಾಲು ಹೇಳೋರು, ಮೈಮೇಲಿನ ಸುಳಿ ನೋಡಿ ಕೊಳ್ಳೋ ಯಜಮಾನನ ಹಣೆಬರಹವನ್ನೇ ಹೇಳಿಬಿಡೋರು! ಆದರೆ ನಿವೃತ್ತಿಯಾದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಈಗಿನವರು ಮೊಬೈಲಿನಲ್ಲಿ ಫೋಟೋ ನೋಡಿ ಹಸು ತರ್ತಾರಂತೆ! ಹೀಗಾಗಿ ಅವರ ಪರೀಕ್ಷೆಯ ವಿದ್ಯೆಯೆಲ್ಲ ಕೆಲಸವಿಲ್ಲದೆ ಕೈ ಕಟ್ಟಿ ಕೂತಿತ್ತು.

ಅಷ್ಟರಲ್ಲಿ ಪಕ್ಕದ ಮನೆ ಚನ್ನಬಸವಣ್ಣ ಬೆಂಕಿ ಹಚ್ಚಿದ. ಬಸ್ ಕಂಡಕ್ಟರಾಗಿದ್ದು ನಿವೃತ್ತನಾದ ಗೆಳೆಯ. ಅವನಿಗೆ ಕ್ರೆಡಿಟ್ ಕಾರ್ಡಿನ ಪಾಯಿಂಟುಗಳಿಗೆ ಕೆಂಪು ಬಣ್ಣದ ಚಕ್ರದ ಸೂಟ್‌ಕೇಸೊಂದು ಬಿಟ್ಟಿ ಬಂದಿತ್ತು. ಆ ಮಹಾನುಭಾವ ಸಂತೆಗೂ ಅದನ್ನೇ ಗಡಗಡ ಎಳೆದುಕೊಂಡು ಹೋಗುತ್ತಿದ್ದ. ಎಲೆಕೋಸು, ಮೂಲಂಗಿ, ಕೊತ್ತಂಬರಿ ಎಲ್ಲ ವಿದೇಶ ಪ್ರವಾಸಕ್ಕೆ ಹೊರಟ ಹಾಗೆ ಅದರೊಳಗೆ ಕೂತು ಬರುತ್ತಿದ್ದವು!

"ಒಂದು ಪೈಸೆ ಕೊಟ್ಟಿಲ್ಲ ಕಣಯ್ಯ ರುದ್ರ. ಪಾಯಿಂಟು!"

ಹೊಟ್ಟೆಕಿಚ್ಚು ಅಂತೀರಾ? ಇತ್ತು, ಸುಳ್ಳು ಯಾಕೆ ಹೇಳೋಣ. ಆದರೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಮನೆಯ ಹಳೇ ಮಿಕ್ಸಿ ಕಳೆದ ದೀಪಾವಳಿ ದಿನ ಹೊಗೆ ಬಿಟ್ಟು ಶಿವನ ಪಾದ ಸೇರಿತ್ತು. "ಪಿಂಚಣಿ ಬಾಕಿ ಬರಲಿ ಕಣೇ, ಮೊದಲು ಮಿಕ್ಸಿನೇ ತರ್ತೀನಿ" ಅಂತ ರುದ್ರಸ್ವಾಮಿ ಹೇಳುತ್ತಲೇ ಇದ್ದರು, ಬಾಕಿ ಬಾಕಿಯಾಗೇ ಇತ್ತು. ಶಿವನಂಜಮ್ಮ ಒಂದು ದಿನವೂ ಗೊಣಗಲಿಲ್ಲ. ಸಂಜೆ ಹೊತ್ತು ಮೂಲೆಯಲ್ಲಿ ಕೂತು ಬಾತ ಮಣಿಕಟ್ಟಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ಅದನ್ನು ಕಂಡಾಗಲೆಲ್ಲ ರುದ್ರಸ್ವಾಮಿಗೆ ಕರುಳು ಚುರ್ ಅನ್ನುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿ!

ಈಗ ದಾರಿ ಸಿಕ್ಕಿತ್ತು. ಕಾರ್ಡು! ಅದಕ್ಕೇ ಆ ಗುಡುಗು.

"ಅಲ್ಲಾ ರೀ, ಕಾರ್ಡು ಅಂದ್ರೆ ಸಾಲ ತಾನೇ?" ಒಳಗಿಂದ ಪ್ರಶ್ನೆ ಬಂತು.

"ಸಾಲ ಅಲ್ಲ ಕಣೇ, ಕ್ರೆಡಿಟ್ಟು!"

"ಅದನ್ನೇ ಕನ್ನಡದಲ್ಲಿ ಹೇಳಿ."

ರುದ್ರಸ್ವಾಮಿ ಒಂದು ಗಳಿಗೆ ಆಕಾಶ ನೋಡಿದರು. "...ಸಾಲ."

"ಹಂಗಾದ್ರೆ ಅದು ಈ ಹೊಸ್ತಿಲು ದಾಟಕೂಡದು. ಬರೋ ಪಿಂಚಣೀಲಿ ಅಚ್ಚುಕಟ್ಟಾಗಿ ಇದ್ದೀವಿ. ಈ ವಯಸ್ಸಲ್ಲಿ ಸಾಲದ ಹಸು ಕಟ್ಕೊಂಡು ಸಗಣಿ ಬಾಚೋಕೆ ನನ್ನ ಕೈಲಾಗಲ್ಲ."

"ಆಯ್ತು ಬುಡೇ" ಅಂದರು ರುದ್ರಸ್ವಾಮಿ. ಅಂದು, ಮಾರನೇ ದಿನವೇ ಬ್ಯಾಂಕಿಗೆ ಹೋದರು. ಮಿಕ್ಸಿ ಮನೆಗೆ ಬಂದು ಕೂತ ಮೇಲೆ ಹೇಳಿದರಾಯ್ತು! ಗಂಡ ಮಾಡೋ ಗುಟ್ಟಿನ ಕೆಲಸಗಳೆಲ್ಲ ಹೀಗೆ ಒಳ್ಳೇ ಉದ್ದೇಶದಿಂದಲೇ ಶುರುವಾಗುತ್ತವೆ.

ಬ್ಯಾಂಕಿನಲ್ಲಿ ನಂದಿತಾ ಅಂತ ಒಬ್ಬಳು ಚುರುಕು ಹುಡುಗಿ. ಮೇಜಿನ ಮೇಲೆ ನಾಲ್ಕು ಬಗೆಯ ಮಾದರಿ ಕಾರ್ಡು ಹರವಿದಳು. ರುದ್ರಸ್ವಾಮಿ ಕನ್ನಡಕ ಏರಿಸಿ, ಒಂದೊಂದನ್ನೇ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಅಂಚು ಸವರಿ, ಮೂಲೆಯ ಹೊಳೆಯೋ ಚಿಪ್ಪನ್ನು ಬೆರಳಿನಿಂದ ಒತ್ತಿ ನೋಡಿದರು. ಹಲ್ಲು ಇದ್ದಿದ್ದರೆ ಬಾಯಿ ಬಿಡಿಸಿ ನೋಡುತ್ತಿದ್ದರೋ ಏನೋ.

"ಮೇವು ಎಷ್ಟು ತಿನ್ನುತ್ತಮ್ಮ?"

"ಸಾರ್?"

"ವರ್ಷಕ್ಕೆ ಕಟ್ಟೋ ದುಡ್ಡು ಕಣಮ್ಮ. ಮೇವಿನ ಖರ್ಚು ಕೇಳದೆ ಹಸು ಹಿಡಿಯೋನು ದಡ್ಡ."

ನಂದಿತಾ ತುಟಿ ಕಚ್ಚಿ ನಗು ನುಂಗಿದಳು. "ಈ ಚಿನ್ನದ ಬಣ್ಣದ್ದು ಜಾಸ್ತಿ ತಿನ್ನುತ್ತೆ ಸಾರ್. ಆದರೆ ಏರ್‌ಪೋರ್ಟಲ್ಲಿ ಊಟ, ತಿಂಡಿ, ಕಾಫಿ ಎಲ್ಲಾ ಫ್ರೀ."

"ಅಲ್ಲಿಗೆ ಬರಿಗೈಲಿ ಹೋದ್ರೆ ಬಿಡ್ತಾರಾ?"

"ಇಲ್ಲ ಸಾರ್. ವಿಮಾನದ ಟಿಕೆಟ್ ಇರಬೇಕು."

"ಒಂದು ಊಟಕ್ಕೆ ವಿಮಾನ ಹತ್ತೋದಾ! ಇದು ನೋಡೋಕೆ ಚೆಂದದ ಎತ್ತು ಕಣಮ್ಮ, ಉಳೋಕಲ್ಲ. ಪಕ್ಕಕ್ಕಿಡು. ಈ ಕೆಂಪಂದು?"

"ಪೆಟ್ರೋಲಿಗೆ ಪಾಯಿಂಟ್ಸ್ ಸಾರ್."

"ನಮ್ಮದು ಸೈಕಲ್ಲು. ಗಾಳಿ ಕುಡಿಯುತ್ತೆ. ಗಾಳಿಗೆ ಪಾಯಿಂಟಿದೆಯಾ?"

ಇರಲಿಲ್ಲ. ಮೂರನೆಯದು ಸಿನಿಮಾ ಟಿಕೆಟಿನ ಕಾರ್ಡು. ಸಿನಿಮಾ ಮಂದಿರದಲ್ಲಿ ದೀಪ ಆರಿದ ಕೂಡಲೇ ಗೊರಕೆ ಹೊಡೆಯೋ ಮನುಷ್ಯನಿಗೆ ಅದೇನು ಪ್ರಯೋಜನ? ನಿದ್ದೆ ಮನೇಲೇ ಪುಕ್ಕಟೆ ಬರುತ್ತಲ್ಲ!

ನಾಲ್ಕನೆಯದು ಬೂದು ಬಣ್ಣದ್ದು. ನೋಡೋಕೆ ಬಡಕಲು. ಆದರೆ ವರ್ಷದ ಶುಲ್ಕ ಇಲ್ಲ. ಪಿಂಚಣಿ ಸಣ್ಣದಾದರೂ ಪರವಾಗಿಲ್ಲ, ಇದ್ದ ಠೇವಣಿಯ ಆಧಾರದ ಮೇಲೆ ಕೊಡುತ್ತಾರೆ. ದಿನಸಿ ಸಾಮಾನಿಗೆ ಪಾಯಿಂಟು. ಎಲ್ಲಕ್ಕಿಂತ ಮಿಗಿಲಾಗಿ...

"ಕಾರ್ಡು ಕೈಸೇರಿದ ಮೂವತ್ತು ದಿನದೊಳಗೆ ಒಂದು ಸಲ ಖರೀದಿ ಮಾಡಿದ್ರೆ ಸಾಕು ಸಾರ್, ಸ್ವಾಗತ ಉಡುಗೊರೆ ಅಂತ ಒಂದು ಮಿಕ್ಸಿ! ನಮ್ಮ ಬ್ಯಾಂಕಲ್ಲೇ ಕೊಡ್ತೀವಿ."

ಮಿಕ್ಸಿ! ರುದ್ರಸ್ವಾಮಿಗೆ ಆ ಬಡಕಲು ಕಾರ್ಡಿನಲ್ಲಿ ಕಾಮಧೇನುವೇ ಕಂಡಿತು. "ನಮ್ಮನೆಯವಳಿಗೆ ಕೈ ನೋವು ಕಣಮ್ಮ, ಮಿಕ್ಸಿ ಬೇಕೇ ಬೇಕು" ಅಂತ ಬಾಯಿಬಿಟ್ಟೂ ಹೇಳಿದರು. ಆದರೂ ವಿದ್ಯೆ ಬಿಡಬೇಕಲ್ಲ, "ಒದೆಯುತ್ತೇನಮ್ಮ?" ಅಂದರು.

"ಹೊತ್ತಿಗೆ ಸರಿಯಾಗಿ ಬಿಲ್ ಕಟ್ಟಿದ್ರೆ ಸಾಧು ಸಾರ್. ತಪ್ಪಿದ್ರೆ ಚೆನ್ನಾಗೇ ಒದೆಯುತ್ತೆ." ಹುಡುಗಿ ಆಗಲೇ ದನದ ಭಾಷೆ ಕಲಿತುಬಿಟ್ಟಿದ್ದಳು. "ಸಣ್ಣ ಪುಟ್ಟ ಖರೀದಿಗೆ ಪಿನ್ನೂ ಬೇಡ ಸಾರ್. ಮೆಷಿನ್ನಿಗೆ ಮುಟ್ಟಿಸಿದ್ರೆ ಸಾಕು."

"ಮುಟ್ಟಿಸಿದ್ರೆ ಸಾಕೇ? ಭೇಷ್! ಭೇಷ್!"

ಈ ಭೇಷು ಮುಂದೆ ಎಲ್ಲಿ ಹೋಗಿ ಚುಚ್ಚಿತು ಅಂತ ನೋಡುವಿರಂತೆ.

ಕಾರ್ಡು ಅಂಚೆಯಲ್ಲಿ ಬಂತು. ಶಿವನಂಜಮ್ಮ ಅಂಗಡಿಗೆ ಹೋಗಿದ್ದ ಹೊತ್ತು, ಶಿವನ ಕೃಪೆ! ರುದ್ರಸ್ವಾಮಿ ಈಗಲೇ ಓಡಿಹೋಗಿ ಏನಾದರೂ ಕೊಳ್ಳೋಣ ಅಂತ ಚಪ್ಪಲಿ ಮೆಟ್ಟಿದರು. ಗೋಡೆಯ ಕ್ಯಾಲೆಂಡರ್ ಮೇಲೆ ಕಣ್ಣು ಬಿತ್ತು.

ಆಷಾಢ! ಅವತ್ತೇ ಶುರು!

ಆಷಾಢದಲ್ಲಿ ಹೊಸ ಸೊಸೆಯನ್ನೇ ತವರಿಗೆ ಕಳಿಸ್ತಾರೆ. ಹೊಸ ಕಾರ್ಡು ಉಜ್ಜೋದುಂಟೇ? ಹಸು ಕೊಂಡರೂ ಆಷಾಢ ಕಳೆಯೋವರೆಗೂ ಕೊಟ್ಟಿಗೆಗೆ ತರಬೇಡ ಅಂತ ಊರಿಗೆಲ್ಲ ಹೇಳಿದವರು ಇವರೇ. ಬೆರಳು ಮಡಿಚಿ ಲೆಕ್ಕ ಹಾಕಿದರು. ಮೂವತ್ತನೇ ದಿನ ಸರಿಯಾಗಿ ಶ್ರಾವಣದ ಮೊದಲ ದಿನಕ್ಕೆ ಬೀಳುತ್ತಿತ್ತು! ಆಹಾ, ಇದು ದೈವಸಂಕಲ್ಪ ಅಲ್ಲದೆ ಮತ್ತೇನು? ಕಾರ್ಡಿಗೂ ಒಂದು ತವರು ನೋಡಿದರು.

ನಡುಮನೆ ಬಾಗಿಲ ಹಿಂದಿನ ಮೊಳೆಗೆ ಅವರ ಹಳೇ ಖಾಕಿ ಪ್ಯಾಂಟು ನೇತಾಡುತ್ತಿತ್ತು. ಹಳ್ಳಿ ತಿರುಗುವಾಗ ಹಾಕುತ್ತಿದ್ದದ್ದು. ಅದಕ್ಕೆ ಎಷ್ಟು ಒಗೆದರೂ ಹೋಗದ ಫಿನಾಯಿಲಿನ ವಾಸನೆ, ಜೊತೆಗೆ ಹಲವಾರು ಹಸುಗಳ ನೆನಪು. ಶಿವನಂಜಮ್ಮ ಮೂಗು ಮುಚ್ಚಿಕೊಂಡು ದೂರದಿಂದಲೇ ಅದಕ್ಕೆ ಶಾಪ ಹಾಕುತ್ತಿದ್ದರೇ ಹೊರತು ಮುಟ್ಟುತ್ತಿರಲಿಲ್ಲ. ಇದಕ್ಕಿಂತ ಭದ್ರವಾದ ಖಜಾನೆ ಉಂಟೇ? ಕಾರ್ಡು ಅದರ ಹಿಂದಿನ ಜೇಬಿಗೆ ಇಳಿಯಿತು.

ಆಷಾಢ ಕಳೆಯುತ್ತಾ ಬಂತು. ಭೀಮನ ಅಮಾವಾಸ್ಯೆ ಬಂತು. ಶಿವನಂಜಮ್ಮ ಗಂಡನನ್ನು ಮಣೆ ಮೇಲೆ ಕೂರಿಸಿ ಪಾದ ತೊಳೆದು, ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಕೈ ಮುಗಿದರು.

"ಏನು ಬೇಡ್ಕೊಂಡೆ?" ಅಂದರು ರುದ್ರಸ್ವಾಮಿ, ಚಕ್ರವರ್ತಿಯ ಗತ್ತಿನಲ್ಲಿ.

"ನನ್ನ ಗಂಡನಿಗೆ ಬುದ್ಧಿ ಕೊಡಪ್ಪಾ ಅಂತ."

ಅದಕ್ಕೂ ಖುಷಿಪಟ್ಟು, ಕಡುಬು ಹೊಡೆದು, ಮಧ್ಯಾಹ್ನ ಅಡ್ಡಾದರು. ನಿದ್ದೆಗಣ್ಣಿನಲ್ಲಿ ಬೀದಿಯಿಂದ "ಹಳೇ ಬಟ್ಟೆಗೆ ಪಾತ್ರೇ..." ಅನ್ನೋ ಕೂಗು ಕೇಳಿಸಿತು. ಚಕ್ರವರ್ತಿಗಳು ಮಗ್ಗುಲು ಬದಲಿಸಿ ಮಲಗಿದರು.

ಮಾರನೇ ದಿನ ಶ್ರಾವಣದ ಮೊದಲ ಬೆಳಗು. ರುದ್ರಸ್ವಾಮಿ ತಲೆಗೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಬಾಗಿಲ ಹಿಂದೆ ಕೈ ಹಾಕಿದರು. ಮೊಳೆ ಸಿಕ್ಕಿತು. ಮೊಳೆ ಮಾತ್ರ ಸಿಕ್ಕಿತು!

ಅಡುಗೆಮನೆಗೆ ನುಗ್ಗಿದರೆ ಕಟ್ಟೆ ಮೇಲೆ ಹೊಸ ಸ್ಟೀಲ್ ಡಬರಿಯೊಂದು ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ತಮ್ಮದೇ ಮುಖ ಸೊಟ್ಟಗೆ ಕಂಡಿತು.

"ನಂಜಾ... ಈ ಡಬರಿ?"

"ನಿಮ್ಮ ಪ್ಯಾಂಟು."

"ಅಂದ್ರೆ?"

"ಶ್ರಾವಣಕ್ಕೆ ಮನೆ ಚೊಕ್ಕ ಮಾಡ್ಬೇಕಲ್ಲ. ನಿನ್ನೆ ಬೆಟ್ಟದಪುರದ ಸಣ್ಣತಾಯಮ್ಮ ಬಂದಿದ್ಲು. ನನ್ನ ಹಳೇ ಸೀರೆಗಳ ಜೊತೆ ಅದನ್ನೂ ಹಾಕ್ದೆ. ಚೌಕಾಸಿ ಮಾಡಿ ಮುಚ್ಚಳಾನೂ ಕಿತ್ಕೊಂಡೆ ಕಣ್ರೀ!" ಶಿವನಂಜಮ್ಮ ಗಂಡನ ಮುಖವನ್ನೇ ನೋಡಿದರು. "ಯಾಕೆ, ಅದರಲ್ಲೇನಾದ್ರೂ ಇತ್ತಾ?"

"ಏನಿಲ್ಲ... ನೆನಪು ಕಣೇ, ನೆನಪು."

"ನೆನಪಿಗೆಲ್ಲ ಯಾರೂ ಮುಚ್ಚಳ ಕೊಡಲ್ಲ ಬಿಡಿ."

"ನಾನು... ಗುಡಿಗೆ ಹೋಗ್ಬತ್ತೀನಿ."

"ಹೋಗಿ ಬನ್ನಿ. ಮೊದಲ ದಿನ, ಬೀಗರು ಕೊಟ್ಟ ಹೊಸ ಶರ್ಟು ಹಾಕ್ಕೊಂಡು ಹೋಗಿ."

ಹೊಸ ಶರ್ಟು ಹಾಕಿಕೊಂಡು ರುದ್ರಸ್ವಾಮಿ ಗುಡಿಯ ಕಡೆ ತಿರುಗಲಿಲ್ಲ, ಸೀದಾ ಚನ್ನಬಸವಣ್ಣನ ಸ್ಕೂಟರಿನ ಹತ್ತಿರ ಓಡಿದರು. ಅವಸರದಲ್ಲಿ ಮೊಬೈಲು ಗೂಟದ ಹತ್ತಿರ ಚಾರ್ಜಿಗೇ ಉಳಿಯಿತು.

ವಿಷಯ ಕೇಳಿದ ಚನ್ನಬಸವಣ್ಣ, "ಬ್ಯಾಂಕಿಗೆ ಹೇಳಿ ಕಾರ್ಡು ಬ್ಲಾಕ್ ಮಾಡಿಸೋ ಮಾರಾಯ!" ಅಂದ.

"ಬ್ಲಾಕ್ ಮಾಡಿಸಿದ್ರೆ ಮಿಕ್ಸೀನೂ ಬ್ಲಾಕ್ ಆಯ್ತದೆ ಕಣಯ್ಯ! ಇವತ್ತೇ ಕೊನೇ ದಿನ. ನಡಿ ಬೆಟ್ಟದಪುರಕ್ಕೆ. ಆ ಸಣ್ಣತಾಯಮ್ಮನ ಎಮ್ಮೆಗೆ ಕರು ಹಾಕಿಸಿದ್ದೇ ನಾನು, ಮನೆ ಗೊತ್ತು."

ಹೊರಟರು. ಚನ್ನಬಸವಣ್ಣ ತನ್ನ ಕೆಂಪು ಸೂಟ್‌ಕೇಸನ್ನೂ ಕಾಲ ಹತ್ತಿರ ಇಟ್ಟುಕೊಂಡ. ಯಾಕೆ ಅಂದರೆ, "ಪ್ಯಾಂಟು ಸಿಕ್ರೆ ಮಡಿಚಿ ಇದರಲ್ಲೇ ತರೋಣ, ಸುಕ್ಕಾಗಲ್ಲ" ಅಂದ. ಆ ಪ್ಯಾಂಟಿನಲ್ಲಿ ಸುಕ್ಕು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ ಅನ್ನೋದು ಬೇರೆ ಮಾತು.

ದಾರಿಯುದ್ದಕ್ಕೂ ರುದ್ರಸ್ವಾಮಿಯ ತಲೆಯಲ್ಲಿ ಒಂದೇ ಮಾತು: ಮುಟ್ಟಿಸಿದ್ರೆ ಸಾಕು, ಮುಟ್ಟಿಸಿದ್ರೆ ಸಾಕು. ರಸ್ತೆ ಪಕ್ಕದ ಟೀ ಅಂಗಡಿಯಲ್ಲಿ ಯಾರೋ ನಗುತ್ತಾ ಟೀ ಕುಡಿಯುತ್ತಿದ್ದರೆ, ಇವನು ನನ್ನ ಕಾರ್ಡು ಮುಟ್ಟಿಸಿಯೇ ಕುಡೀತಿದ್ದಾನೆ ಅನ್ನಿಸಿತು. ಯಾರೋ ಒಬ್ಬ ಹೊಸ ಪಂಪ್‌ಸೆಟ್ಟು ಟೆಂಪೋಗೆ ಏರಿಸುತ್ತಿದ್ದ. "ಹೋಯ್ತಲ್ಲೋ ನನ್ನ ಪಿಂಚಣಿ!" ಅಂತ ಚನ್ನಬಸವಣ್ಣನ ಭುಜ ಹಿಂಡಿದರು. ನಂಜಾಳ ಮಣಿಕಟ್ಟು ಕಣ್ಣ ಮುಂದೆ ಬಂತು. ಮಿಕ್ಸಿ ತರ್ತೀನಿ ಅಂತ ಹೊರಟು, ಇದ್ದ ಠೇವಣಿಗೂ ಎಳ್ಳುನೀರು ಬಿಟ್ಟೆನಲ್ಲಾ ಶಿವನೇ! ಯಾವ ಮುಖ ಇಟ್ಕೊಂಡು ಮನೆಗೆ ಹೋಗಲಿ?

ಅಷ್ಟರಲ್ಲಿ ಸ್ಕೂಟರು ಕೆಮ್ಮಿತು, ಬಿಕ್ಕಿತು, ನಿಂತಿತು. ಪೆಟ್ರೋಲು ಖಾಲಿ!

"ಪೆಟ್ರೋಲ್ ಕಾರ್ಡಿಗೆ ಗಾಳಿ ಲೆಕ್ಕ ಹೇಳಿದೋನು ನೀನೇ ಅಲ್ವೇನಯ್ಯಾ?" ಅಂದ ಚನ್ನಬಸವಣ್ಣ. "ಈಗ ನೂಕು, ಗಾಳೀಲೇ ಹೋಗ್ಲಿ."

ಸೋನೆ ಮಳೆ ಬೇರೆ. ಒಬ್ಬರು ಸ್ಕೂಟರು ನೂಕುತ್ತಾ, ಇನ್ನೊಬ್ಬರು ಕೆಂಪು ಸೂಟ್‌ಕೇಸು ಗಡಗಡ ಎಳೆಯುತ್ತಾ ಹೋಗುತ್ತಿದ್ದರೆ, ಹೊಗೆಸೊಪ್ಪಿನ ಹೊಲದಲ್ಲಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ನೋಡಿದರು. "ಯಾವೂರ್ಗೆ ವಂಟ್ರಿ ಯಜಮಾನ್ರೇ, ದುಬಾಯ್ಗಾ?" ಅಂತ ಒಬ್ಬಳು ಕೂಗಿಯೂಬಿಟ್ಟಳು. ಕೊನೆಗೆ ಪೆಟ್ರೋಲು ಸಿಕ್ಕಿತು. ರುದ್ರಸ್ವಾಮಿಯ ಜೇಬಿನಲ್ಲಿದ್ದ ನೋಟೆಲ್ಲ ಅದಕ್ಕೇ ಹೋಯಿತು. ಪಾಯಿಂಟು ಒಂದೂ ಬರಲಿಲ್ಲ.

ಸಣ್ಣತಾಯಮ್ಮ ಮನೆ ಮುಂದೆ ಹಳೇ ಬಟ್ಟೆ ರಾಶಿ ಹಾಕಿಕೊಂಡು ವಿಂಗಡಿಸುತ್ತಿದ್ದಳು. ರಾಶಿಯ ಮೇಲೇ ಖಾಕಿ ಪ್ಯಾಂಟು! ರುದ್ರಸ್ವಾಮಿ ಕಳೆದುಹೋದ ಕರು ಸಿಕ್ಕ ಹಾಗೆ ಕೈ ಚಾಚಿದರು. ಸಣ್ಣತಾಯಮ್ಮ ಪ್ಯಾಂಟಿನ ಮೇಲೆ ಕೂತೇಬಿಟ್ಟಳು.

"ದಾಕ್ಟ್ರೇ, ನೀವು ನಮ್ಮ ಎಮ್ಮೆ ಉಳ್ಸಿದೋರು, ಇಲ್ಲ ಅನ್ನಕಿಲ್ಲ. ಆದ್ರೆ ಯಾಪಾರ ಯಾಪಾರವೇ. ಪ್ಯಾಂಟು ಬೇಕಂದ್ರೆ ಡಬರಿ ತನ್ನಿ. ಮುಚ್ಚಳಾನೂವೆ."

"ಡಬರಿ ತಂದ್ರೆ ನನ್ನ ಹೆಂಡ್ತಿಗೆ ಗೊತ್ತಾಯ್ತದೆ ಕಣಮ್ಮ!"

"ಅಂಗಾದ್ರೆ..." ಅವಳ ಕಣ್ಣು ಮೇಲಿಂದ ಕೆಳಗೆ ಅಳೆದು, ಶರ್ಟಿನ ಮೇಲೆ ನಿಂತಿತು. ಬಟ್ಟೆಯ ತುದಿ ಹಿಡಿದು ಉಜ್ಜಿ ನೋಡಿದಳು, ಕಾಲರು ಮಗುಚಿ ನೋಡಿದಳು. ಇವರು ಹಸು ನೋಡುತ್ತಿದ್ದರಲ್ಲ, ಥೇಟ್ ಹಂಗೇ! "ಈ ಅಂಗಿ ಬಿಚ್ಚಿ."

ಬೀಗರು ಕೊಟ್ಟ ಹೊಸ ಶರ್ಟು ಹೋಯಿತು, ಹಳೇ ಪ್ಯಾಂಟು ಬಂತು. ಸಣ್ಣತಾಯಮ್ಮ ನ್ಯಾಯಸ್ಥೆ. "ಅಂಗಿ ಒಸ್ದು, ನಿಮ್ಗೆ ಮೋಸ ಆಗ್ಬಾರ್ದು" ಅಂತ ಒಂದು ಸ್ಟೀಲ್ ಲೋಟವನ್ನೂ ಕೈಗೆ ಕೊಟ್ಟಳು.

ಬನಿಯನ್ನಿನಲ್ಲಿ ನಿಂತ ರುದ್ರಸ್ವಾಮಿ ಹಿಂದಿನ ಜೇಬಿಗೆ ಕೈ ಹಾಕಿದರು. ಖಾಲಿ! ಮುಂದಿನ ಜೇಬು, ಪಕ್ಕದ ಜೇಬು... ಅಡಿಕೆ ಚೂರೂ ಇಲ್ಲ.

"ಅದ್ಯಾಕೆ ದಾಕ್ಟ್ರೇ ತಡಕ್ತೀರಿ? ನಿಮ್ಮನೆ ಅಮ್ಮಾರು ಎಲ್ಲಾ ಜೇಬ್ನೂ ಮಗುಚಿ, ಕೊಡವಿ, ಆಮೇಲೆ ತಾನೇ ಕೊಟ್ಟಿದ್ದು! ಜೇಬು ನೋಡ್ದೆ ಬಟ್ಟೆ ಕೊಡೋ ಎಂಗಸು ಈ ಸೀಮೇಲಿ ಇನ್ನೂ ಉಟ್ಟಿಲ್ಲ, ಬುಡಿ."

ರುದ್ರಸ್ವಾಮಿ ಬಟ್ಟೆ ರಾಶಿಯ ಪಕ್ಕದಲ್ಲೇ ಕೂತುಬಿಟ್ಟರು. ಚನ್ನಬಸವಣ್ಣ ಸೂಟ್‌ಕೇಸು ತೆರೆದು, ಪ್ಯಾಂಟನ್ನು ಮಡಿಚಿ ಒಳಗಿಟ್ಟ.

ಹುಣಸೂರು ತಲುಪಿದಾಗ ಸಂಜೆ. ಮಳೆಯಲ್ಲಿ ನೆಂದ ಬನಿಯನ್ನು, ಬಗಲಲ್ಲಿ ಪ್ಯಾಂಟು, ಕೈಯಲ್ಲಿ ಲೋಟ. ಹೊಸ್ತಿಲ ಹತ್ತಿರ ಬಂದರೆ ಒಳಗಿಂದ ಗುರ್ರ್ ಅಂತ ಒಂದು ಸದ್ದು! ರುದ್ರಸ್ವಾಮಿ ಅಲ್ಲೇ ನಿಂತುಬಿಟ್ಟರು. ಅದು ಮಿಕ್ಸಿಯ ಸದ್ದು.

ಕಟ್ಟೆಯ ಮೇಲೆ ಹೊಚ್ಚಹೊಸ ಮಿಕ್ಸಿ. ಅದರ ಪಕ್ಕದಲ್ಲಿ ಶ್ರಾವಣದ ದಿನಸಿ ಚೀಲ. ಚೀಲದ ಮೇಲೆ ಬೂದು ಬಣ್ಣದ ಕಾರ್ಡು, ಅದಕ್ಕೆ ಅರಿಸಿನ ಕುಂಕುಮ!

"ಗುಡಿ ದರ್ಶನ ಆಯ್ತಾ?" ಶಿವನಂಜಮ್ಮ ತಿರುಗಿ ನೋಡಿ, "ಅಯ್ಯೋ ಶಿವನೇ, ಶರ್ಟೆಲ್ಲಿ?" ಅಂದರು.

ರುದ್ರಸ್ವಾಮಿ ಲೋಟ ಮುಂದೆ ಚಾಚಿದರು.

"ಹೊಸ ಶರ್ಟು ಕೊಟ್ಟು ಹಳೇ ಪ್ಯಾಂಟು ತಂದ್ರಾ! ಮೇಲೊಂದು ಲೋಟ!" ಶಿವನಂಜಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಕೆಟ್ಟ ಮಾಲು ಬಂದದ್ದು ಇತಿಹಾಸದಲ್ಲೇ ಇಲ್ಲ ಅಂದಿದ್ರಲ್ಲ?"

"ಕಾರ್ಡು... ನಿನಗೆ ಹೆಂಗೆ..."

"ನಿನ್ನೆ ಜೇಬು ಕೊಡವಿದಾಗ ಬಿತ್ತು. ಮೈಯೆಲ್ಲ ಉರಿದುಹೋಯ್ತು. ಒಲೆಗೆ ಹಾಕೋಣ ಅಂತಿದ್ದೆ. ಬೆಳಿಗ್ಗೆ ಬಾಯಿ ಬಿಡ್ತೀರೇನೋ ಅಂತ ನೋಡಿದ್ರೆ, ನೆನಪು ಅಂದ್ರಿ! ನೀವು ಅತ್ತ ಹೋದ್ರಿ, ಇತ್ತ ನಿಮ್ಮ ಮೊಬೈಲಿಗೆ ಬ್ಯಾಂಕಿನ ಆ ನಂದಿತಾ ಫೋನ್ ಮಾಡಿದ್ಲು. 'ಸಾರ್‌ಗೆ ಹೇಳಿ ಆಂಟಿ, ಇವತ್ತೇ ಕೊನೇ ದಿನ. ನಿಮಗೆ ಕೈ ನೋವು, ಮಿಕ್ಸಿ ಬೇಕೇ ಬೇಕು ಅಂತ ಇದನ್ನ ಆರಿಸಿದ್ರು' ಅಂದ್ಲು." ಶಿವನಂಜಮ್ಮನ ದನಿ ಒಂದು ಗಳಿಗೆ ಮೆತ್ತಗಾಯಿತು. "ನನಗೋಸ್ಕರ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಹೋದೆ, ಶ್ರಾವಣದ ಸಾಮಾನು ತಗೊಂಡೆ, ಮುಟ್ಟಿಸಿದೆ, ಬ್ಯಾಂಕಿಗೆ ಹೋಗಿ ಮಿಕ್ಸಿ ಇಸ್ಕೊಂಡು ಬಂದೆ. ಅಷ್ಟೇ ದುಡ್ಡು ಸಾಸಿವೆ ಡಬ್ಬೀಲಿ ಎತ್ತಿಟ್ಟಿದೀನಿ. ಬಿಲ್ಲು ಬಂದ ದಿನವೇ ಕಟ್ಬೇಕು, ಇಲ್ದಿದ್ರೆ ಒದೆಯುತ್ತಂತಲ್ಲ! ನೀವು ಕಾರ್ಡಿಗೆ ಮೇವು ಕೇಳಿದ್ದೆಲ್ಲ ಹೇಳಿ ಆ ಹುಡುಗಿ ನಕ್ಕಿದ್ದೇ ನಕ್ಕಿದ್ದು."

ಹೊಸ ಮಿಕ್ಸಿಯಲ್ಲಿ ಕಡೆದ ಮಜ್ಜಿಗೆಯನ್ನು ಆ ಲೋಟಕ್ಕೇ ಬಗ್ಗಿಸಿ ಗಂಡನ ಕೈಗೆ ಕೊಟ್ಟರು.

"ಸುಳಿ ನೋಡಿ ಹಸು ತಂದೋರು ನೀವೇ ಕಣ್ರೀ, ಇಲ್ಲ ಅನ್ನಲ್ಲ. ಹಗ್ಗ ಬಿಟ್ಟು ಊರೂರು ಹುಡುಕಿದೋರೂ ನೀವೇ. ಹ್ಞಾಂ, ಹಾಲು ಕರೆದೋಳು ಮಾತ್ರ ನಾನು!"

ರುದ್ರಸ್ವಾಮಿ ಮಜ್ಜಿಗೆ ಗುಟುಕರಿಸಿ, "ಹೂಂ, ಹೂಂ" ಅಂದರು.